ದಿನಕ್ಕೊಂದು ಚಿಂತನೆ: ಮೊದಲು ಯಾವ ಕೆಲಸ?



ವಿದ್ಯಾರ್ಥಿವೇತನ ಮುಗಿದದ್ದರಿಂದ 1917ರಲ್ಲಿ ಬಾಬಾಸಾಹೇಬರು ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು ಬಂದರು. ಮುಂಬಯಿಯಲ್ಲಿ ಪಾಠ ಹೇಳಿ ಸಂಬಳ ಉಳಿಸಿ, ಗೆಳೆಯರಿಂದ ಸಾಲ ಪಡೆದು 1920ರಲ್ಲಿ ಮತ್ತೆ ಹೋದರು. ಇತ್ತ ತಾಯಿ ರಮಾಬಾಯಿ ಬಡತನದಲ್ಲೇ ಸಂಸಾರ ತೂಗಿಸುತ್ತಿದ್ದರು. ಅಲ್ಲಿ ಒಂದು ದಿನ ವ್ಯರ್ಥವಾದರೆ ಇಲ್ಲಿ ಮನೆಯವರ ಹೊಟ್ಟೆಗೆ ಪೆಟ್ಟು. ಅದಕ್ಕೇ ಓದು ಮೊದಲು, ಉಳಿದದ್ದೆಲ್ಲ ಆಮೇಲೆ. ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದ ಬಾಗಿಲು ತೆರೆದಾಗ ಒಳಗೆ, ಮುಚ್ಚಿದಾಗ ಹೊರಗೆ. ರಾತ್ರಿ ಕೋಣೆಯಲ್ಲಿ ಮತ್ತೆ ಪುಸ್ತಕ. 1923 ಮುಗಿಯುವಷ್ಟರಲ್ಲಿ ಎಂ.ಎಸ್ಸಿ., ಡಿ.ಎಸ್ಸಿ., ಬ್ಯಾರಿಸ್ಟರ್ ಮೂರೂ ಕೈಗೂಡಿದವು. 1925ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ ಬಂದು ನಮ್ಮ ಹಿರಿಯರ ಮುಂದೆ ನಿಂತದ್ದು ಆ ಓದಿನ ಬಲದಿಂದಲೇ.

ಹೊಲ, ಅಂಗಡಿ, ಶಾಲೆ, ಮೊಬೈಲು: ನಮಗೂ ದಿನ ಸಾಲುವುದಿಲ್ಲ. ಬಂಧುಗಳೇ, ಇಂದು ಮಲಗುವ ಮುಂಚೆ ನಾಳೆಯ ಮೊದಲ ಕೆಲಸ ಒಂದನ್ನೇ ಚೀಟಿಯಲ್ಲಿ ಬರೆದಿಡೋಣ. ಅದು ಮುಗಿದ ಮೇಲೆಯೇ ಮುಂದಿನದು.

ಸರ್ವರಿಗೂ ಮಂಗಳವಾಗಲಿ.