ಗಗನನೌಕೆಗೆ ಬಂಡವಾಳ ಹೂಡಿದ ನಗೆನಟಿ

ಅಮೆರಿಕದ ‘ಸ್ಟಾರ್ ಟ್ರೆಕ್’ ಎಂಬ ಟೆಲಿವಿಷನ್ ಕಥಾಮಾಲೆಯನ್ನು ನೋಡಿದವರು ಕ್ಯಾಪ್ಟನ್ ಕರ್ಕ್‌ನನ್ನೂ ಚೂಪುಗಿವಿಯ ಸ್ಪಾಕ್‌ನನ್ನೂ ಮರೆಯಲಾರರು. ಅದನ್ನು ಕಲ್ಪಿಸಿದ ಜೀನ್ ರಾಡನ್‌ಬೆರಿಯ ಹೆಸರನ್ನು ಬಲ್ಲವರೂ ಉಂಟು. ಆದರೆ ಆ ಗಗನನೌಕೆ ನೆಲ ಬಿಟ್ಟೇಳುವಂತೆ ತನ್ನ ಸಂಸ್ಥೆಯ ಗಲ್ಲಾಪೆಟ್ಟಿಗೆಯನ್ನು ತೆರೆದವಳು ಒಬ್ಬ ನಗೆನಟಿ ಎಂಬುದು ಬಹುಮಂದಿಗೆ ತಿಳಿಯದು. ಆಕೆಯೇ ಲೂಸಿಲ್ ಬಾಲ್.

ನ್ಯೂಯಾರ್ಕ್ ಸಂಸ್ಥಾನದ ಜೇಮ್ಸ್‌ಟೌನಿನಲ್ಲಿ 1911ರ ಆಗಸ್ಟ್ 6ರಂದು ಜನಿಸಿದ ಲೂಸಿಲ್ ಮೂರು ವರ್ಷದ ಕೂಸಾಗಿದ್ದಾಗಲೇ ತಂದೆ ವಿಷಮಶೀತಜ್ವರದಿಂದ ತೀರಿಕೊಂಡನು. ನಟನೆ ಕಲಿಯಲು ನ್ಯೂಯಾರ್ಕ್ ನಗರಕ್ಕೆ ಹೋದರೆ, ಈ ಹುಡುಗಿಗೆ ರಂಗಭೂಮಿ ಒಗ್ಗದೆಂದು ಗುರುಗಳು ಕೈಬಿಟ್ಟರು. ಮತ್ತೊಮ್ಮೆ ಅದೇ ನಗರಕ್ಕೆ ಬಂದು, ಉಡುಪು ತೊಟ್ಟು ಗಿರಾಕಿಗಳಿಗೆ ತೋರಿಸುವ ಉದ್ಯೋಗ ಹಿಡಿದಳು. ಕಾಯಿಲೆಯಿಂದ ಬಹುಕಾಲ ನಡೆಯಲಾರದೆ ಹಾಸಿಗೆ ಹಿಡಿದಳು. 1933ರಲ್ಲಿ ಹಾಲಿವುಡ್ ಸೇರಿದ ಮೇಲೂ ಸಣ್ಣಪುಟ್ಟ ಪಾತ್ರಗಳೇ ಗತಿಯಾದವು. ಊರು ಬಿಟ್ಟು ಬಂದು ಲೋಟ ತೊಳೆಯುವುದರಿಂದ ಜೀವನವನ್ನಾರಂಭಿಸಿದ ನಮ್ಮವರಿಗೆ ಈ ಅಧ್ಯಾಯವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

1940ರಲ್ಲಿ ಆಕೆ ಕ್ಯೂಬಾ ದೇಶದ ಸಂಗೀತಗಾರ ಡೆಸಿ ಆರ್ನಾಜ್‌ನನ್ನು ವರಿಸಿದಳು. ಟೆಲಿವಿಷನ್ ಪ್ರಹಸನವೊಂದಕ್ಕೆ ಕರೆ ಬಂದಾಗ ಪತಿಯೇ ತನ್ನೊಡನೆ ನಟಿಸಬೇಕೆಂದು ಪಟ್ಟುಹಿಡಿದಳು. ಪರದೇಶದ ಉಚ್ಚಾರಣೆಯ ಗಂಡನನ್ನು ಜನ ಒಪ್ಪುವರೇ ಎಂದು ಸಿ.ಬಿ.ಎಸ್. ಸಂಸ್ಥೆಯವರು ಶಂಕಿಸಿದರು. ದಂಪತಿಗಳು 1950ರಲ್ಲಿ ಊರೂರು ಸುತ್ತಿ ರಂಗದ ಮೇಲೆ ಆಡಿ ತೋರಿಸಿ, ಜನ ಒಪ್ಪುವರೆಂಬುದನ್ನು ಸಿದ್ಧಪಡಿಸಿದರು. ಹೀಗೆ 1951ರ ಅಕ್ಟೋಬರ್ 15ರಂದು ‘ಐ ಲವ್ ಲೂಸಿ’ ಆರಂಭವಾಯಿತು.

ಇಲ್ಲಿ ವ್ಯಾಪಾರದ ಒಂದು ಸೂಕ್ಷ್ಮವಿದೆ. ಆಗಿನ ಪದ್ಧತಿಯಂತೆ ಪ್ರಸಂಗಗಳನ್ನು ನೇರವಾಗಿ ಪ್ರಸಾರ ಮಾಡದೆ, ಮೂರು ಕ್ಯಾಮೆರಾಗಳಿಂದ ಚಲಚ್ಚಿತ್ರದ ಫಿಲ್ಮಿನಲ್ಲಿ ಹಿಡಿಯಲು ಇವರು ಬಯಸಿದರು. ಅದಕ್ಕೆ ಖರ್ಚು ಹೆಚ್ಚು. ಆದುದರಿಂದ ತಮ್ಮ ಸಂಬಳದಲ್ಲಿ ಕಡಿತವನ್ನೊಪ್ಪಿ, ಬದಲಿಗೆ ಆ ಫಿಲ್ಮುಗಳ ಒಡೆತನವನ್ನು ಪಡೆದರು. ಒಮ್ಮೆ ತೋರಿಸಿದ್ದನ್ನು ಮತ್ತೆ ಮತ್ತೆ ತೋರಿಸಿ ಹಣ ಗಳಿಸಬಹುದೆಂದು ಅಂದು ಎಣಿಸಿದವರು ವಿರಳ. ಆ ಫಿಲ್ಮುಗಳ ಹಕ್ಕನ್ನು ಸಿ.ಬಿ.ಎಸ್.ಗೇ ಮಾರಿ, 1957ರಲ್ಲಿ ಆರ್.ಕೆ.ಓ. ಸ್ಟುಡಿಯೋಗಳನ್ನು ಕೊಂಡರು. ಒಂದು ಕಾಲದಲ್ಲಿ ಲೂಸಿಲ್ ಸಂಬಳಕ್ಕೆ ದುಡಿದ ಸ್ಟುಡಿಯೋ ಅದು!

1960ರಲ್ಲಿ ವಿಚ್ಛೇದನವಾಯಿತು. 1962ರಲ್ಲಿ ಡೆಸಿಯ ಪಾಲನ್ನೂ ಕೊಂಡು ಆಕೆ ‘ಡೆಸಿಲು’ ಸಂಸ್ಥೆಯ ಏಕೈಕ ಯಜಮಾನಿಯಾದಳು. ಹೊರಗಿನಿಂದ ಕಂಡಷ್ಟು ಸುಖದ ಗಾದಿಯಲ್ಲ ಅದು. ಸ್ವಂತ ತಯಾರಿಕೆಯೆಂದು ಉಳಿದಿದ್ದುದು ಆಕೆಯೇ ನಟಿಸುತ್ತಿದ್ದ ‘ದಿ ಲೂಸಿ ಷೋ’ ಒಂದೇ. ಮಿಕ್ಕ ವರಮಾನ ಅಂಗಳಗಳನ್ನು ಇತರರಿಗೆ ಬಾಡಿಗೆಗೆ ಕೊಡುವುದರಿಂದ ಬರುತ್ತಿತ್ತು. ತನ್ನ ಅಡುಗೆ ನಿಂತು ಕಟ್ಟಡದ ಬಾಡಿಗೆಯನ್ನೇ ನಂಬಿದ ಹೋಟೆಲಿನಂತೆ ಎನ್ನಬಹುದು.

ಆಗ ಬಂದುದು ರಾಡನ್‌ಬೆರಿಯ ಯೋಜನೆ. ಹೆಸರು ಕೇಳಿ ಲೂಸಿಲ್ ಅದು ಸೈನಿಕರನ್ನು ರಂಜಿಸಲು ಪ್ರವಾಸ ಹೊರಟ ಸಿನಿಮಾತಾರೆಯರ ಕಥೆಯೆಂದು ಭಾವಿಸಿದ್ದಳೆಂದು, ಸಂಸ್ಥೆಯ ಅಧಿಕಾರಿ ಹರ್ಬರ್ಟ್ ಸೋಲೋ ಮುಂದೆ ನೆನೆದಿದ್ದಾನೆ. ಮೊದಲ ಮಾದರಿ ಚಿತ್ರಕ್ಕೆ 6 ಲಕ್ಷ ಡಾಲರಿಗೂ ಮಿಗಿಲಾಗಿ ವೆಚ್ಚವಾಯಿತು. ಎನ್.ಬಿ.ಸಿ.ಯವರು ಅದನ್ನೊಪ್ಪದೆ, 1965ರಲ್ಲಿ ಎರಡನೆಯದನ್ನು ತಯಾರಿಸಿರೆಂದರು. ಒಪ್ಪಿಗೆ ದೊರೆತರೂ ವಾರವಾರವೂ ನಷ್ಟವೇ, ಏಕೆಂದರೆ ನೆಟ್‌ವರ್ಕ್ ಕೊಡುವ ಹಣ ತಯಾರಿಕೆಗೆ ಸಾಲುತ್ತಿರಲಿಲ್ಲ. ಆಡಳಿತ ಮಂಡಲಿಯ ಹಿರಿಯರು ಬೇಡವೆಂದರು. ಲೆಕ್ಕದ ಮಟ್ಟಿಗೆ ಅವರ ಮಾತು ತಪ್ಪೆನ್ನಲಾಗದು. ಆದರೂ ಲೂಸಿಲ್ ಅವರನ್ನು ಮೀರಿ, ಆಗಲಿ ಎಂದಳು. ಎರಡನೆಯ ಮಾದರಿ ಚಿತ್ರದ ಕೆಲಸ ರಾತ್ರಿಯವರೆಗೆ ಎಳೆದಾಗ ಯಜಮಾನಿಯೇ ಪೊರಕೆ ಹಿಡಿದು ಅಂಗಳ ಗುಡಿಸಿದಳೆಂದು ಜೊತೆಗಿದ್ದವರು ಹೇಳಿದ್ದಾರೆ.

ಮಿತವ್ಯಯದ ಉಪಾಯಗಳು ಸ್ವಾರಸ್ಯವಾಗಿವೆ. ಪ್ರತಿ ಗ್ರಹದ ಮೇಲೂ ನೌಕೆ ಇಳಿಯುವುದನ್ನು ತೋರಿಸಲು ಹಣವಿಲ್ಲದ್ದರಿಂದ, ಮನುಷ್ಯರು ಮಿನುಗಿ ಮಾಯವಾಗಿ ಬೇರೆಡೆ ಮೂಡುವ ಯಂತ್ರವನ್ನು ಕಲ್ಪಿಸಿದರು. ಒಂದು ಕಥೆಗಾಗಿ ವಿಚಿತ್ರಾಕಾರದ ಉಪ್ಪಿನ ಬುಡ್ಡಿಗಳನ್ನು ತಂದರು. ಅವು ಉಪ್ಪಿನ ಬುಡ್ಡಿಗಳೆಂದು ಪ್ರೇಕ್ಷಕರಿಗೆ ತಿಳಿಯುವಂತಿರಲಿಲ್ಲ. ಎಸೆಯುವುದೇಕೆಂದು ಅವನ್ನೇ ಡಾಕ್ಟರ್ ಮೆಕಾಯ್‌ನ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನಾಗಿಸಿದರು! ನಮ್ಮ ಮೇಜಿನ ಮೇಲಿನ ಬುಡ್ಡಿಗೆ ಇಂಥ ಬಡ್ತಿ ಎಂದೂ ದೊರೆತುದಿಲ್ಲ.

1966ರ ಸೆಪ್ಟೆಂಬರ್ 8ರಂದು ಪ್ರಸಾರ ಆರಂಭವಾಯಿತು. ಅದೇ ತಿಂಗಳು ಆಕೆಯ ಇನ್ನೊಂದು ಸಾಹಸವಾದ ‘ಮಿಷನ್ ಇಂಪಾಸಿಬಲ್’ ಕೂಡ ಬಂದಿತು. ಖರ್ಚಿನ ಭಾರ ಹೊರಲಾರದಷ್ಟಾಗಿ, 1967ರಲ್ಲಿ ಲೂಸಿಲ್ ಡೆಸಿಲುವನ್ನು ಗಲ್ಫ್ ಅಂಡ್ ವೆಸ್ಟರ್ನ್ ಕಂಪನಿಗೆ 1 ಕೋಟಿ 70 ಲಕ್ಷ ಡಾಲರಿಗೆ ಮಾರಿದಳು. ಪಕ್ಕದ ಪ್ಯಾರಾಮೌಂಟ್ ಆಗಲೇ ಆ ಕಂಪನಿಯ ಕೈಯಲ್ಲಿತ್ತು. ನಡುವಣ ಗೋಡೆ ಬಿತ್ತು.

79 ಪ್ರಸಂಗಗಳಾದ ಮೇಲೆ 1969ರಲ್ಲಿ ‘ಸ್ಟಾರ್ ಟ್ರೆಕ್’ ನಿಂತಿತು. ಅದು ಜಗತ್ಪ್ರಸಿದ್ಧವಾದುದು ಅನಂತರ, ಸ್ಥಳೀಯ ಕೇಂದ್ರಗಳು ಹಳೆಯ ಫಿಲ್ಮುಗಳನ್ನು ಮತ್ತೆ ಮತ್ತೆ ತೋರಿಸಿದಾಗ. ಮರುಪ್ರಸಾರದ ಆ ದಾರಿಯನ್ನು ತೋರಿಕೊಟ್ಟವರಲ್ಲಿ ಲೂಸಿಲ್ ದಂಪತಿಗಳೇ ಮೊದಲಿಗರು. ಅದರ ಫಲವನ್ನುಂಡುದು ಪ್ಯಾರಾಮೌಂಟ್. ಇನ್ನು ಕೆಲವೇ ವರ್ಷ ತಡೆದಿದ್ದರೆ ಎಂದು ಈ ಲೇಖಕನಿಗೆ ಅನ್ನಿಸದಿರದು. ಆದರೆ ಪ್ರತಿ ಶನಿವಾರ ಬಟವಾಡೆ ಮಾಡಬೇಕಾದವರ ಸಂಕಟವೇ ಬೇರೆ.

1989ರ ಏಪ್ರಿಲ್ 26ರಂದು, ತನ್ನ 77ನೆಯ ವಯಸ್ಸಿನಲ್ಲಿ, ಲೂಸಿಲ್ ಬಾಲ್ ಲಾಸ್ ಏಂಜಲೀಸಿನಲ್ಲಿ ನಿಧನಳಾದಳು. ಪ್ಯಾರಾಮೌಂಟ್ ಆವರಣದಲ್ಲಿ ಆಗ ‘ಸ್ಟಾರ್ ಟ್ರೆಕ್’ನ ಹೊಸ ಕಥಾಮಾಲೆ ಎರಡನೆಯ ವರ್ಷ ನಡೆಸಿತ್ತು.