ಕಾರಿನ ಚಿತ್ರ ಬಿಡಿಸೋಕೆ ಹುಟ್ಟು ಕಲಾವಿದರೇ ಆಗಬೇಕಾ? ಮೆಷಿನ್ ಲೋಕದಿಂದ ಬಂದ ಬೆಜಿಯೇ ಕಥೆ ಓದಿ

ಮೊಬೈಲ್‌ನಲ್ಲೋ ಕಂಪ್ಯೂಟರ್‌ನಲ್ಲೋ ಕಾರಿನ ಚಿತ್ರ ಬಿಡಿಸಲು ಹೊರಟ ಮಕ್ಕಳಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. ಅದಕ್ಕೆಲ್ಲ ಹುಟ್ಟಿನಿಂದಲೇ ಕಲೆ ಬರಬೇಕಂತೆ, ಕೈ ನಡುಗದೆ ಗೆರೆ ಎಳೆಯಬೇಕಂತೆ. ಈ ಮಾತು ಕೇಳಿ ಎಷ್ಟೋ ಮಕ್ಕಳು ಶುರು ಮಾಡುವ ಮೊದಲೇ ಬಿಟ್ಟುಬಿಡುತ್ತಾರೆ. ಇದು ನಿಜವೇ? ಉತ್ತರಕ್ಕಾಗಿ ನಾವು ಒಬ್ಬ ವ್ಯಕ್ತಿಯ ಜೀವನ ನೋಡೋಣ. ವೆಕ್ಟರ್ ಚಿತ್ರದ ಆ್ಯಪ್‌ಗಳಲ್ಲಿ ಪೆನ್ ಟೂಲ್ ಎಳೆಯುವ ಬಾಗಿದ ಗೆರೆಗೆ ಇಂದಿಗೂ ಅವರದೇ ಹೆಸರು. ಆದರೆ ಅವರು ಚಿತ್ರಕಾರರಲ್ಲ, ಕಾರ್ಖಾನೆಯಲ್ಲಿ 42 ವರ್ಷ ದುಡಿದ ಎಂಜಿನಿಯರ್.

ಯಾರು ಈ ಬೆಜಿಯೇ?

ಪಿಯೆರ್ ಬೆಜಿಯೇ ಹುಟ್ಟಿದ್ದು 1910ರ ಸೆಪ್ಟೆಂಬರ್ 1ರಂದು, ಪ್ಯಾರಿಸ್‌ನಲ್ಲಿ. ತಂದೆ ಎಂಜಿನಿಯರ್, ತಾತನೂ ಎಂಜಿನಿಯರ್. 1930ರಲ್ಲಿ ಮೆಕ್ಯಾನಿಕಲ್, ಮರುವರ್ಷ ಎಲೆಕ್ಟ್ರಿಕಲ್ ಓದು ಮುಗಿಸಿ, 1933ರಲ್ಲಿ ರೆನೊ ಕಂಪನಿ ಸೇರಿದರು. ನಮ್ಮ ರಸ್ತೆಗಳಲ್ಲಿ ಓಡುವ ಕ್ವಿಡ್, ಡಸ್ಟರ್ ಕಾರುಗಳದ್ದೂ ಅದೇ ಕಂಪನಿ. ಅಲ್ಲಿ ಅವರ ಕೆಲಸ ಕಾರಿನ ಅಂದ ರೂಪಿಸುವುದಲ್ಲ. ಕಾರಿನ ಭಾಗಗಳನ್ನು ಕೊರೆಯುವ, ಕತ್ತರಿಸುವ ಮೆಷಿನ್‌ಗಳನ್ನು ಸಿದ್ಧಪಡಿಸುವುದು. ಹರಿಹರದವರಿಗೆ ಈ ಕೆಲಸವನ್ನು ವಿವರಿಸಬೇಕಿಲ್ಲ. 1941ರಲ್ಲಿ ಶುರುವಾದ ಅಲ್ಲಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ಮೆಷಿನ್ ತಯಾರಿಸಿತ್ತು. ಬೆಜಿಯೇ ಅವರದ್ದೂ ಅಂಥದ್ದೇ ಲೋಕ.

ಎರಡನೇ ಮಹಾಯುದ್ಧದಲ್ಲಿ ಅವರು ಜರ್ಮನ್ನರ ಸೆರೆಯಾದರು. ಅಲ್ಲಿಯೂ ತಾನಾಗಿಯೇ ಕೆಲಸ ಮಾಡುವ ಮೆಷಿನ್‌ಗಳ ಯೋಚನೆ ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ರೆನೊದ 4ಸಿವಿ ಎಂಬ ಪುಟ್ಟ ಕಾರಿನ ಭಾಗಗಳನ್ನು ತಯಾರಿಸುವ ಮೆಷಿನ್ ಸಾಲುಗಳನ್ನು ರೂಪಿಸಿದರು.

ಸಮಸ್ಯೆ ಇದ್ದದ್ದು ಬಾನೆಟ್ಟಿನಲ್ಲಿ

ಆಗ ಕಾರಿನ ಬಾಡಿಯನ್ನು ಮೊದಲು ಕಾಗದದ ಮೇಲೆ ಬರೆಯುತ್ತಿದ್ದರು. ಆಮೇಲೆ ಜೇಡಿಮಣ್ಣಿನ ಮಾದರಿ, ಅದರ ಅಳತೆ ನೋಡಿ ದೊಡ್ಡ ನಕ್ಷೆ, ನಕ್ಷೆ ನೋಡಿ ಅಚ್ಚು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗಲೆಲ್ಲ ಗೆರೆ ಒಂಚೂರು ಬದಲಾಗುತ್ತಿತ್ತು. ನೇರ ಗೆರೆಗೆ ಉದ್ದ ಹೇಳಬಹುದು, ವೃತ್ತಕ್ಕೆ ತ್ರಿಜ್ಯ ಹೇಳಬಹುದು. ಆದರೆ ಬಾನೆಟ್ಟಿನ ಬಾಗನ್ನು ಇನ್ನೊಬ್ಬರಿಗೆ ಹೇಳುವುದು ಹೇಗೆ?

1960ರಲ್ಲಿ, 50ನೇ ವಯಸ್ಸಿನಲ್ಲಿ, ಬೆಜಿಯೇ ಈ ಪ್ರಶ್ನೆಗೆ ಕೈ ಹಾಕಿದರು. ಬಾಗನ್ನು ಸಂಖ್ಯೆಗಳಲ್ಲಿ ಹೇಳಿದರೆ ಚಿತ್ರ ಬರೆಯುವವರಿಗೂ ಕತ್ತರಿಸುವ ಮೆಷಿನ್‌ಗೂ ಒಂದೇ ಗೆರೆ ಸಿಗುತ್ತದೆ ಎಂಬುದು ಅವರ ಯೋಚನೆ. ಇದರಿಂದ ಹುಟ್ಟಿದ್ದು ಯೂನಿಸರ್ಫ್ ಎಂಬ ಕಂಪ್ಯೂಟರ್ ವ್ಯವಸ್ಥೆ.

ನಾಲ್ಕು ಚುಕ್ಕಿಯ ಲೆಕ್ಕ: ನೀವೇ ಮಾಡಿ ನೋಡಿ

ಈ ಗೆರೆಗೆ ನಾಲ್ಕು ಚುಕ್ಕಿ ಸಾಕು. ಎರಡು ತುದಿಗೆ, ಇನ್ನೆರಡು ದಿಕ್ಕು ತೋರಿಸಲು. ಎಳೆ ರಂಗೋಲಿಯಲ್ಲಿ ಗೆರೆ ಚುಕ್ಕಿಯನ್ನು ಮುಟ್ಟದೆ ಬಳಸಿಕೊಂಡು ಹೋಗುತ್ತದಲ್ಲ, ಹಾಗೆ ಇದೂ ನಡುವಿನ ಎರಡು ಚುಕ್ಕಿಗಳ ಕಡೆಗೆ ಬಾಗುತ್ತದೆ, ಆದರೆ ಮುಟ್ಟುವುದಿಲ್ಲ.

ಸ್ಕೇಲ್, ಪೆನ್ಸಿಲ್ ತನ್ನಿ. ಕಾರಿನ ಚಕ್ರದ ಮೇಲಿನ ಕಮಾನು ಬರೆಯೋಣ. 6 ಸೆಂ.ಮೀ. ಅಂತರದಲ್ಲಿ ಎರಡು ಚುಕ್ಕಿ ಇಡಿ. ಎರಡರಿಂದಲೂ ನೇರ ಮೇಲಕ್ಕೆ 4 ಸೆಂ.ಮೀ. ಗೆರೆ ಎಳೆದು, ಮೇಲಿನ ತುದಿಗಳನ್ನು ಜೋಡಿಸಿ. ಬಾಗಿಲ ಚೌಕಟ್ಟಿನಂತೆ ಕಾಣುವ ಮೂರು ಗೆರೆಗಳಾದವು. ಮೂರರ ಮಧ್ಯದಲ್ಲೂ ಗುರುತು ಮಾಡಿ. ಎಡಗಡೆಯ ಗುರುತಿನಿಂದ ಮೇಲಿನದಕ್ಕೆ, ಮೇಲಿನದರಿಂದ ಬಲಗಡೆಯದಕ್ಕೆ ಗೆರೆ ಎಳೆಯಿರಿ. ಈ ಎರಡು ಗೆರೆಗಳ ಮಧ್ಯಬಿಂದುಗಳನ್ನು ಜೋಡಿಸಿ, ಅದರ ಮಧ್ಯ ಗುರುತಿಸಿ. ಅದು ಸರಿಯಾಗಿ 3 ಸೆಂ.ಮೀ. ಎತ್ತರದಲ್ಲಿರುತ್ತದೆ. ಅದೇ ಕಮಾನಿನ ತುದಿ. ಮಧ್ಯದ ಬದಲು ಕಾಲು ಭಾಗ, ಮುಕ್ಕಾಲು ಭಾಗ ತೆಗೆದುಕೊಂಡು ಇದನ್ನೇ ಮಾಡಿದರೆ ಗೆರೆಯ ಉಳಿದ ಬಿಂದುಗಳೂ ಸಿಗುತ್ತವೆ. ಇಲ್ಲಿ ಕೈಚಳಕ ಬೇಕಿಲ್ಲ, ಅಳತೆ ಬೇಕು ಅಷ್ಟೇ.

ಹೆಸರು ಇವರದ್ದು, ಮೊದಲು ಕಂಡವರು?

ಇದನ್ನೆಲ್ಲ ಬೆಜಿಯೇ ಒಬ್ಬರೇ ಕಂಡುಹಿಡಿದರು ಅಂದುಕೊಂಡರೆ ಅದು ಅರ್ಧ ಸತ್ಯ. ನಾವು ಈಗ ಮಾಡಿದ ಮಧ್ಯಬಿಂದುವಿನ ವಿಧಾನ ಪಾಲ್ ದ ಕಾಸ್ಟೆಲ್ಜೋ ಅವರದ್ದು. ಅವರು ಇನ್ನೊಂದು ಫ್ರೆಂಚ್ ಕಾರ್ ಕಂಪನಿ ಸಿಟ್ರೋಯೆನ್‌ನ ಗಣಿತಜ್ಞ. 1959ರಲ್ಲೇ ಇದನ್ನು ಕಂಡುಕೊಂಡಿದ್ದರು. ಆದರೆ ಕಂಪನಿ ಅದನ್ನು ಗುಟ್ಟಾಗಿ ಇಟ್ಟಿತು. ಬೆಜಿಯೇ ತಮ್ಮ ಕೆಲಸವನ್ನು 1960ರ ದಶಕದಲ್ಲೇ ಪ್ರಕಟಿಸಿದರು, ಹಾಗಾಗಿ ಜಗತ್ತಿಗೆ ಅವರ ಹೆಸರೇ ಗೊತ್ತಾಯಿತು. ಈ ದಾರಿಯಲ್ಲಿ ಸಿಟ್ರೋಯೆನ್ ಮೊದಲು ನಡೆದಿತ್ತು ಎಂಬುದನ್ನು ಮುಂದೆ ಬೆಜಿಯೇ ಅವರೇ ಬರೆದರು. ಇದರ ಹಿಂದಿನ ಗಣಿತ ಇನ್ನೂ ಹಳೆಯದು. ಸೆರ್ಗೈ ಬರ್ನ್‌ಸ್ಟೈನ್ 1912ರಲ್ಲಿ ಕೊಟ್ಟದ್ದು.

ಬೆಜಿಯೇ 1975ರಲ್ಲಿ ರೆನೊದಿಂದ ನಿವೃತ್ತರಾದರು. ಡಾಕ್ಟರೇಟ್ ಪಡೆದದ್ದು ಅದಾದ ಮೇಲೆ, 1977ರಲ್ಲಿ. 1999ರ ನವೆಂಬರ್ 25ರಂದು ತೀರಿಕೊಂಡರು. ಅಷ್ಟರಲ್ಲಿ ಅವರ ಗೆರೆ ಕಾರ್ಖಾನೆ ದಾಟಿ ಮುದ್ರಣಕ್ಕೆ, ಚಿತ್ರದ ಸಾಫ್ಟ್‌ವೇರ್‌ಗೆ ಬಂದಾಗಿತ್ತು. ನೀವು ಈಗ ಓದುತ್ತಿರುವ ದುಂಡನೆಯ ಕನ್ನಡ ಅಕ್ಷರಗಳೂ ಫೋನಿನೊಳಗೆ ಇಂಥ ಗೆರೆಗಳಾಗಿಯೇ ಕೂತಿವೆ.

ಹಾಗಾದರೆ ಕಲಿಯೋದು ಹೇಗೆ?

- ಇಂಕ್‌ಸ್ಕೇಪ್‌ನಂಥ ಉಚಿತ ಸಾಫ್ಟ್‌ವೇರ್ ಸಾಕು. ಕಾರನ್ನು ಪಕ್ಕದಿಂದ ನೇರವಾಗಿ ತೆಗೆದ ಫೋಟೊವನ್ನು ಕೆಳಗಿನ ಲೇಯರ್‌ನಲ್ಲಿಟ್ಟು ಲಾಕ್ ಮಾಡಿ.
- ಪೆನ್ ಟೂಲ್‌ನಿಂದ ಗೆರೆ ತಿರುಗುವ ಕಡೆ ಮಾತ್ರ ಚುಕ್ಕಿ ಇಡಿ. ಚುಕ್ಕಿ ಹೆಚ್ಚಾದಷ್ಟೂ ಟಾಪ್ ಉಬ್ಬುತಗ್ಗಾಗಿ ಕಾಣುತ್ತದೆ.
- ಬಾಡಿ, ಗಾಜು, ಚಕ್ರ ಬೇರೆ ಬೇರೆ ಲೇಯರ್‌ನಲ್ಲಿರಲಿ.
- ಚಕ್ರಕ್ಕೆ ವೃತ್ತದ ಟೂಲ್ ಬಳಸಿ. ನಾಲ್ಕು ಚುಕ್ಕಿಯ ಗೆರೆ ವೃತ್ತದ ಹತ್ತಿರ ಬರುತ್ತದೆ, ಪೂರ್ತಿ ವೃತ್ತ ಆಗುವುದಿಲ್ಲ.

ಹೀಗೆ ಬರೆದ ಚಿತ್ರ ಸಂಖ್ಯೆಗಳಾಗಿ ಉಳಿಯುವುದರಿಂದ ಸ್ಟಿಕ್ಕರ್‌ನಷ್ಟು ಚಿಕ್ಕದಾಗಿಯೂ ಫ್ಲೆಕ್ಸ್‌ನಷ್ಟು ದೊಡ್ಡದಾಗಿಯೂ ಮಸುಕಾಗದೆ ಮುದ್ರಿಸಬಹುದು.

ಕೊನೆಗೆ: ಹುಟ್ಟು ಕಲೆ ಇದ್ದವರಿಗೆ ಮಾತ್ರ ಸಾಧ್ಯ ಎಂಬ ಮಾತು ತಪ್ಪು. ಕಣ್ಣು ಪಳಗಬೇಕು, ಅಭ್ಯಾಸ ಬೇಕು, ಅದು ನಿಜ. ಆದರೆ ಬಾಗಿದ ಗೆರೆಯನ್ನು ಕೈಯ ಹಂಗಿನಿಂದ ಬಿಡಿಸಿ ಅಳತೆಗೆ ತರುವ ಕೆಲಸವನ್ನು ಈ ಇಬ್ಬರೂ ನಮಗಾಗಿ ಎಂದೋ ಮಾಡಿಟ್ಟಿದ್ದಾರೆ. ಹದಡಿಯ ಹೈಸ್ಕೂಲ್ ಹುಡುಗಿಗೂ ಪ್ಯಾರಿಸ್‌ನ ಕಾರ್ ಡಿಸೈನರ್‌ಗೂ ಸಿಗುವುದು ಅದೇ ನಾಲ್ಕು ಚುಕ್ಕಿ. ನಿಮ್ಮ ಮನೆಯಲ್ಲೂ ಕಾರು ಬಿಡಿಸುವ ಆಸೆಯ ಮಕ್ಕಳಿದ್ದರೆ ಅವರಿಗೆ ಇದನ್ನು ಕಳಿಸಿ, ಜೊತೆಗೆ ಒಂದು ಸ್ಕೇಲ್ ಕೊಡಿ.