ವ್ಯಕ್ತಿಯೋ, ಪಕ್ಷವೋ: ದಿನಕರ ದೇಸಾಯಿ ನೆನಪು

ಬೈಲಹೊಂಗಲ, ಸವದತ್ತಿ, ರಾಮದುರ್ಗ ಮತ್ತು ಕಿತ್ತೂರು ಒಂದೇ ಸೀಮೆಯ ಊರುಗಳು. ಮದುವೆ, ಸಂತೆ, ಜಾತ್ರೆಗಳಲ್ಲಿ ಅವನ್ನು ಬೇರ್ಪಡಿಸಲಾಗದು. ಆದರೆ ಲೋಕಸಭಾ ಚುನಾವಣೆ ಬಂದಾಗ ಮೊದಲ ಮೂರು ಊರಿನವರು ಬೆಳಗಾವಿ ಕ್ಷೇತ್ರಕ್ಕೆ ಮತ ಹಾಕುತ್ತಾರೆ. ಕಿತ್ತೂರಿನವರು ಸಹ್ಯಾದ್ರಿಯನ್ನು ದಾಟಿ ಕಡಲತೀರದವರೆಗೆ ಚಾಚಿರುವ ಉತ್ತರ ಕನ್ನಡ ಕ್ಷೇತ್ರಕ್ಕೆ ಹಾಕುತ್ತಾರೆ. ಸೇವೆಯಲ್ಲಿದ್ದಾಗ ಚುನಾವಣಾ ಕರ್ತವ್ಯದ ಮೇಲೆ ಈ ನಾಲ್ಕೂ ಕಡೆ ಸುತ್ತಿದ್ದೇನೆ. ಅಭ್ಯರ್ಥಿ ಒಳ್ಳೆಯವನು, ಆದರೆ ಪಕ್ಷ ಸರಿಯಿಲ್ಲ. ಅಥವಾ ಪಕ್ಷ ನಮ್ಮದು, ಆದರೆ ಮನುಷ್ಯ ಸರಿಯಿಲ್ಲ. ಇಂತಹ ಸಂದರ್ಭದಲ್ಲಿ ಮತ ಯಾರಿಗೆ ಎಂಬ ಪ್ರಶ್ನೆ ಊರಿನ ಕಟ್ಟೆಯ ಮೇಲೂ ಶಿಕ್ಷಕರ ಕೊಠಡಿಯಲ್ಲೂ ಒಂದೇ ರೀತಿ ಕೇಳಿಬರುತ್ತಿತ್ತು. ಕರ್ತವ್ಯದಲ್ಲಿರುವ ಅಧಿಕಾರಿ ಅದಕ್ಕೆ ಉತ್ತರಿಸುವಂತಿರಲಿಲ್ಲ. ಈಗ ಆ ನಿರ್ಬಂಧವಿಲ್ಲ.

ಉತ್ತರಕ್ಕಾಗಿ ಬಹಳ ದೂರ ಹೋಗಬೇಕಾಗಿಲ್ಲ. ಕಿತ್ತೂರು ಇಂದು ಸೇರಿರುವ ಲೋಕಸಭಾ ಕ್ಷೇತ್ರಕ್ಕೆ ಆಗ ಕೆನರಾ ಎಂಬ ಹೆಸರಿತ್ತು. 1967ರಲ್ಲಿ ಆ ಕ್ಷೇತ್ರ ಯಾವ ಪಕ್ಷಕ್ಕೂ ಸೇರದ ದಿನಕರ ದೇಸಾಯಿ ಅವರನ್ನು ದಿಲ್ಲಿಗೆ ಕಳುಹಿಸಿತು. ಚುಟುಕಗಳ ಕವಿಯೆಂದು ನಾಡು ಅವರನ್ನು ನೆನೆಯುತ್ತದೆ. ಆ ಕೀರ್ತಿಯ ನೆರಳಿನಲ್ಲಿ ಅವರ ರಾಜಕೀಯ ಜೀವನ ಮರೆಯಾಗಿದೆ.

ದೇಸಾಯಿಯವರು ಹುಟ್ಟಿದ್ದು 1909ರಲ್ಲಿ, ಅಂಕೋಲಾ ತಾಲ್ಲೂಕಿನ ಶಾಲಾ ಶಿಕ್ಷಕರೊಬ್ಬರ ಮನೆಯಲ್ಲಿ. ಮುಂಬಯಿಯಲ್ಲಿ ಎಂ.ಎ. ಹಾಗೂ ಕಾನೂನು ಪದವಿ ಪಡೆದರು. ಆ ಕಾಲದಲ್ಲಿ ಇಷ್ಟು ಓದಿದವರಿಗೆ ವಕೀಲಿಯೋ ಸರ್ಕಾರಿ ಹುದ್ದೆಯೋ ಸುಲಭವಾಗಿ ಸಿಗುತ್ತಿತ್ತು. ಅವರು ಆರಿಸಿಕೊಂಡದ್ದು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು. ಆ ಸಂಸ್ಥೆಯ ಸದಸ್ಯರಾಗುವವರು ಕೆಲವು ಪ್ರತಿಜ್ಞೆಗಳನ್ನು ಕೈಗೊಳ್ಳಬೇಕಿತ್ತು. ಸಂಸ್ಥೆ ಕೊಡುವ ಜೀವನಾಂಶದಲ್ಲಿ ತೃಪ್ತರಾಗಿರಬೇಕು, ತಮಗಾಗಿ ಹಣ ಗಳಿಸಲು ಶ್ರಮ ವ್ಯಯಿಸಬಾರದು, ಯಾರೊಂದಿಗೂ ವೈಯಕ್ತಿಕ ಜಗಳಕ್ಕೆ ಇಳಿಯಬಾರದು ಎಂಬುವು ಅವುಗಳಲ್ಲಿ ಸೇರಿದ್ದವು. ಇಂದು ಪ್ರಾಮಾಣಿಕತೆಯೆಂದರೆ ಹಗರಣದಲ್ಲಿ ಹೆಸರು ಇಲ್ಲದಿರುವುದು ಎಂಬಷ್ಟಕ್ಕೆ ನಾವು ತೃಪ್ತರಾಗಿದ್ದೇವೆ. ದೇಸಾಯಿಯವರ ಪಾಲಿಗೆ ಅದು ಇಪ್ಪತ್ತರ ಹರೆಯದಲ್ಲೇ ಬರೆದುಕೊಟ್ಟ ಕರಾರು.

ಮುಂಬಯಿಯಲ್ಲಿ ಅವರು ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಪರಂಪರೆಯಲ್ಲಿ ಹಡಗು ಕಾರ್ಮಿಕರನ್ನು ಸಂಘಟಿಸಿದರು. ಭಾರತದ ನಾವಿಕ ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಅಧ್ಯಯನ ಗ್ರಂಥವನ್ನೂ ಬರೆದರು. ಆದರೆ ಮನಸ್ಸು ಊರಿನ ಗೇಣಿದಾರರ ಕಡೆಗಿತ್ತು. ಉತ್ತರ ಕನ್ನಡದ ಕರಾವಳಿಯಲ್ಲಿ ಉಳುವವನೊಬ್ಬ, ಭೂಮಿಯ ಒಡೆಯನೊಬ್ಬ. ಮಳೆ ಬರಲಿ ಬಿಡಲಿ, ಒಕ್ಕಲು ಭತ್ತದ ಗೇಣಿ ಅಳೆಯಲೇಬೇಕು. ತಪ್ಪಿದರೆ ಗದ್ದೆಯೂ ಇಲ್ಲ, ಮನೆಯೂ ಇಲ್ಲ. ಈ ರೈತರನ್ನು ಒಗ್ಗೂಡಿಸಿದ್ದಕ್ಕೆ ಬ್ರಿಟಿಷ್ ಸರ್ಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದ ಐದು ವರ್ಷ ಗಡೀಪಾರು ಮಾಡಿತು.

ಸ್ವಾತಂತ್ರ್ಯದ ನಂತರ ಅವರು ಮಾಡಿದ ಕೆಲಸವನ್ನು ಅಂಕೋಲೆಯಿಂದ ದಾಂಡೇಲಿಯವರೆಗೆ ಇಂದಿಗೂ ಕಾಣಬಹುದು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ, ಸರ್ಕಾರದ ಪ್ರೌಢಶಾಲೆ ತಲುಪದ ಊರುಗಳಲ್ಲಿ ಜನತಾ ವಿದ್ಯಾಲಯಗಳನ್ನು ತೆರೆಯುತ್ತ ಹೋದರು. ಗೇಣಿ ರೈತರ, ಮೀನುಗಾರರ ಮಕ್ಕಳು ಮೊದಲ ಬಾರಿಗೆ ಪ್ರೌಢಶಾಲೆಯ ಮೆಟ್ಟಿಲು ಹತ್ತಿದರು. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಗೆ ಅವರ ಹೆಸರಿನಲ್ಲೇ ಒಂದು ಕಾಲೇಜು ಬಂತು. ಜನಸೇವಕ ಎಂಬ ವಾರಪತ್ರಿಕೆಯನ್ನೂ ನಡೆಸಿದರು.

1967ರ ಚುನಾವಣೆಯ ಮಹತ್ವ ತಿಳಿಯಬೇಕಾದರೆ ಆ ಜಿಲ್ಲೆಯಲ್ಲಿ ಕಾಂಗ್ರೆಸ್ಸಿಗೆ ಇದ್ದ ಸ್ಥಾನವನ್ನು ಅರಿಯಬೇಕು. ಅಂಕೋಲೆ 1930ರ ಉಪ್ಪಿನ ಸತ್ಯಾಗ್ರಹದ ನೆಲ. ಅನಂತರದ ಕರನಿರಾಕರಣ ಚಳವಳಿಯಲ್ಲಿ ಅಲ್ಲಿನ, ಸಿದ್ದಾಪುರದ ಎಷ್ಟೋ ಕುಟುಂಬಗಳು ಹೊಲಮನೆ ಕಳೆದುಕೊಂಡಿದ್ದವು. ಅಲ್ಲಿ ಪಕ್ಷನಿಷ್ಠೆಯೆಂಬುದು ತ್ಯಾಗದಿಂದ ಬಂದ ಸಂಬಂಧವಾಗಿತ್ತು. ಮೊದಲ ಮೂರು ಲೋಕಸಭೆಗಳಿಗೂ ಆ ಕ್ಷೇತ್ರ ಕಾಂಗ್ರೆಸ್ಸಿನ ಜೋಕಿಂ ಆಳ್ವ ಅವರನ್ನೇ ಆರಿಸಿತ್ತು. ಅಂತಹ ನೆಲದಲ್ಲಿ ಪಕ್ಷೇತರನೊಬ್ಬ ಗೆದ್ದದ್ದು ಸಾಮಾನ್ಯ ಸಂಗತಿಯಲ್ಲ. ಆ ವರ್ಷ ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 18 ದೊರೆತವು. ಗೆದ್ದ ಪಕ್ಷೇತರರು ದೇಸಾಯಿ ಒಬ್ಬರೇ. ಆಗಲೂ ಪಕ್ಷಗಳಿದ್ದವು, ಜಾತಿಯಿತ್ತು, ಹಣವಿತ್ತು. ಆದರೆ ಮತದಾರನ ಮುಂದೆ ಸುಮಾರು ಮೂರು ದಶಕಗಳ ಕೆಲಸದ ಲೆಕ್ಕವೂ ಇತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ಪಕ್ಷ ಬಿಡಿ, ವ್ಯಕ್ತಿಯನ್ನು ನೋಡಿ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಸಂಸತ್ತಿನಲ್ಲಿ ಮಾತನಾಡುವ ಸಮಯ ಪಕ್ಷಗಳ ಬಲಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆ. ಒಂಟಿ ಸದಸ್ಯ ಪ್ರಶ್ನೆ ಕೇಳಬಲ್ಲ, ಎಚ್ಚರಿಸಬಲ್ಲ, ಕಾನೂನು ಮಾಡಲಾರ. 1971ರಲ್ಲಿ ಇಂದಿರಾ ಗಾಂಧಿಯವರ ಅಲೆ ಬಂದಾಗ ರಾಜ್ಯದ 27ಕ್ಕೆ 27 ಸ್ಥಾನಗಳೂ ಒಂದೇ ಪಕ್ಷದ ಪಾಲಾದವು. ಕೆನರಾ ಕ್ಷೇತ್ರವೂ ಅದರಲ್ಲಿ ಸೇರಿತ್ತು.

ಮುಂದಿನ ಘಟನೆ ಇನ್ನೂ ಕಠಿಣವಾದ ಪಾಠ ಹೇಳುತ್ತದೆ. ದೇಸಾಯಿಯವರು ತಾರುಣ್ಯದಿಂದ ಹೋರಾಡಿದ ಗೇಣಿ ಪದ್ಧತಿಯನ್ನು ಕೊನೆಗೊಳಿಸಿದ್ದು ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ. ಅದು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯ ಜಮೀನೆಲ್ಲ ಸರ್ಕಾರದಲ್ಲಿ ವಿಹಿತವಾಗಿ, ನ್ಯಾಯಮಂಡಳಿಗಳ ಮೂಲಕ ಉಳುವವನಿಗೆ ಹಕ್ಕು ದೊರೆಯಿತು. ಇದಕ್ಕೆ ಸದನದಲ್ಲಿ ಬಹುಮತ ಬೇಕಿತ್ತು, ಶಿಸ್ತಿನ ಪಕ್ಷ ಬೇಕಿತ್ತು. ಅದೇ ಅರಸು ಅವರ ವಿರುದ್ಧದ ಆರೋಪಗಳ ವಿಚಾರಣೆಗೆ 1977ರಲ್ಲಿ ಗ್ರೋವರ್ ಆಯೋಗ ರಚನೆಯಾಯಿತೆಂಬುದೂ ಇತಿಹಾಸವೇ. 1982ರವರೆಗೆ ಬದುಕಿದ್ದ ದೇಸಾಯಿಯವರು ತಮ್ಮ ಜೀವಮಾನದ ಬೇಡಿಕೆ ಬೇರೊಬ್ಬರ ಕೈಯಿಂದ ಈಡೇರಿದ್ದನ್ನು ಕಂಡರು.

ಹಾಗಾದರೆ ಪ್ರಾಮಾಣಿಕತೆ ಅಲಂಕಾರವೇ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದನ್ನು ಪೂರೈಕೆ ಮತ್ತು ಬೇಡಿಕೆಯ ಭಾಷೆಯಲ್ಲಿ ನೋಡುತ್ತೇನೆ. ಕಾನೂನನ್ನು ಪೂರೈಸುವುದು ಪಕ್ಷ. ಆ ಕಾನೂನು ಬೇಕೆಂದು ಕೇಳುವ ಜನರನ್ನು ರೂಪಿಸುವವರು ದೇಸಾಯಿಯಂಥವರು. ಹಕ್ಕಿದೆಯೆಂದು ತಿಳಿಯದ, ಅರ್ಜಿ ಬರೆಯಲು ಬಾರದ ಒಕ್ಕಲಿಗೆ 1974ರ ಕಾಯ್ದೆ ಕಾಗದವಾಗಿಯೇ ಉಳಿಯುತ್ತಿತ್ತು. ರೈತ ಸಂಘಟನೆಯೂ ಜನತಾ ವಿದ್ಯಾಲಯಗಳೂ ಆ ನೆಲವನ್ನು ಮೊದಲೇ ಹದಮಾಡಿದ್ದವು.

ಇಂದಿನ ಮತದಾರನ ಸಮಸ್ಯೆಗೆ ಇನ್ನೊಂದು ತೊಡಕು ಸೇರಿದೆ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ಸದಸ್ಯನು ವಿಪ್ ಮೀರಿ ಮತ ಹಾಕಿದರೆ ಸ್ಥಾನ ಕಳೆದುಕೊಳ್ಳುವ ಸ್ಥಿತಿ ಇದೆ. ಒಳ್ಳೆಯವನೆಂದು ಆರಿಸಿದ ವ್ಯಕ್ತಿಯೂ ಸದನದಲ್ಲಿ ಪಕ್ಷದ ಕೈಯನ್ನೇ ಎತ್ತಬೇಕು. ಆದುದರಿಂದ ಪಕ್ಷವನ್ನು ಕಡೆಗಣಿಸಿ ಮತ ಹಾಕುವುದು ಜಾಣತನವಲ್ಲ. ವ್ಯಕ್ತಿಯನ್ನು ನೋಡಿ ಹಾಕಿದ ಮತವೆಲ್ಲ ಪ್ರಾಮಾಣಿಕತೆಗೆ ಬಿದ್ದ ಮತವೂ ಅಲ್ಲ. 2019ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ, ಅಥಣಿ ಮತ್ತು ಕಾಗವಾಡದ ಶಾಸಕರು ಅನರ್ಹಗೊಂಡರು. ಅದೇ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಮೂವರೂ ಬೇರೆ ಪಕ್ಷದ ಚಿಹ್ನೆಯ ಮೇಲೆ ಮತ್ತೆ ಗೆದ್ದರು. ಅಲ್ಲಿಯೂ ಮತದಾರರು ಪಕ್ಷವನ್ನು ಬದಿಗಿಟ್ಟು ವ್ಯಕ್ತಿಯನ್ನೇ ನೋಡಿದ್ದರು. ಆದರೆ ಪರಿಚಯ, ಪ್ರಭಾವ, ಕೆಲಸ ಮಾಡಿಸಿಕೊಡುವ ಶಕ್ತಿ ಇವು ಬೇರೆ, ಪ್ರಾಮಾಣಿಕತೆ ಬೇರೆ.

ದೇಸಾಯಿಯವರ ಬದುಕಿನಿಂದ ನಾನು ತೆಗೆಯುವ ಅಳತೆಗೋಲು ಸರಳವಾದುದು. ಅಭ್ಯರ್ಥಿ ಟಿಕೆಟ್ ಸಿಗುವ ಮೊದಲು ಊರಿಗೆ ಏನು ಮಾಡಿದ್ದ? ಅದರಿಂದ ಅವನಿಗೆ ಲಾಭವಾಯಿತೋ ನಷ್ಟವಾಯಿತೋ? ತನ್ನ ಗುಂಪಿನ ಬಲಿಷ್ಠರನ್ನು ಎಂದಾದರೂ ಎದುರು ಹಾಕಿಕೊಂಡಿದ್ದನೇ? ಈ ಮೂರಕ್ಕೂ ಉತ್ತರ ಸಿಗುವ ಅಭ್ಯರ್ಥಿ ನಮ್ಮ ಪಕ್ಷದಲ್ಲಿದ್ದರೆ ಚಿಂತೆಯೇ ಇಲ್ಲ. ಎದುರು ಪಕ್ಷದಲ್ಲಿದ್ದರೆ, ಆ ಪಕ್ಷದ ನೀತಿ ನಮ್ಮ ಮೂಲ ನಂಬಿಕೆಗೆ ವಿರುದ್ಧವಾಗಿಲ್ಲದಾಗ, ಒಂದು ಸಲ ನಿಷ್ಠೆಯನ್ನು ಬದಿಗಿಡುವುದು ತಪ್ಪಲ್ಲ. ನಾವು ಭ್ರಷ್ಟನನ್ನೂ ಬಿಡದೆ ಗೆಲ್ಲಿಸುತ್ತೇವೆಂದು ಖಾತ್ರಿಯಾದ ಪಕ್ಷ ಒಳ್ಳೆಯವನಿಗೆ ಟಿಕೆಟ್ ಕೊಡುವ ಕಷ್ಟವನ್ನು ಏಕೆ ತೆಗೆದುಕೊಂಡೀತು? ಪಕ್ಷವನ್ನು ನಿಜವಾಗಿ ಪ್ರೀತಿಸುವವರು ಒಮ್ಮೆಯಾದರೂ ಅದನ್ನು ಸೋಲಿಸಲು ಸಿದ್ಧರಿರಬೇಕು. ಕರನಿರಾಕರಣೆಗಾಗಿ ಹೊಲಮನೆ ಕಳೆದುಕೊಂಡಿದ್ದ ಜನರ ಜಿಲ್ಲೆ 1967ರಲ್ಲಿ ಅದನ್ನು ಮಾಡಿ ತೋರಿಸಿತು. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರುಗಳ ಮತದಾರರಿಗೆ ಅದು ಅಸಾಧ್ಯವಾದ ಕೆಲಸವೇನಲ್ಲ.